ಸೀಗಡಿ ತೊಟ್ಟಿಯಲ್ಲಿ ಇಳಿಯದ ನೈಟ್ರೇಟ್: ದೋಷದ ಮೂಲವನ್ನು ಹುಡುಕುವ ಕ್ರಮ

ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸುತ್ತೀರಿ, ಫಿಲ್ಟರ್ ಹಗಲಿರುಳೂ ಓಡುತ್ತಿರುತ್ತದೆ, ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ಆದರೂ ಪರೀಕ್ಷೆ ಮಾಡಿದಾಗಲೆಲ್ಲ ನೈಟ್ರೇಟ್ ಕೆಂಪು ಬಣ್ಣದಲ್ಲೇ ನಿಲ್ಲುತ್ತದೆ, ಎರಡು ಮೂರು ದಿನಕ್ಕೊಂದು ಸೀಗಡಿ ಸಾಯುತ್ತದೆ. ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಮನೆಯಲ್ಲಿ, ಸುಮಾರು 50 ಲೀಟರ್ ನೀರು ಹಿಡಿಯುವ ಎರಡಡಿ ಉದ್ದದ ತೊಟ್ಟಿಯಲ್ಲಿ ಸಾಕಿದ್ದ ಚೆರ್ರಿ ಸೀಗಡಿಗಳಿಗೆ ಈ ತೊಂದರೆ ನಾಲ್ಕು ತಿಂಗಳು ಕಾಡಿತು. ಫಿಲ್ಟರ್ ಸಾಲದೆಂದು ಭಾವಿಸಿ ನಾನು ಮೊದಲು ಎರಡನೆಯ ಫಿಲ್ಟರ್ ಹಾಕಿದೆ. ಈ ತೊಂದರೆಯಲ್ಲಿ ಸಿಕ್ಕಿಕೊಂಡ ಹೆಚ್ಚಿನವರು ಮಾಡುವುದೂ ಅದನ್ನೇ, ಮತ್ತು ಹುಡುಕಾಟ ದಾರಿ ತಪ್ಪುವುದೂ ಅಲ್ಲಿಂದಲೇ.

ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ, ಅವುಗಳ ಕೆಲಸ ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ನೈಟ್ರೇಟ್ ಎಂಬುದು ಚೆನ್ನಾಗಿ ನಡೆಯುತ್ತಿರುವ ಫಿಲ್ಟರಿನ ಉತ್ಪನ್ನವೇ ಆಗಿದೆ. ಅದನ್ನು ತೊಟ್ಟಿಯಿಂದ ಹೊರಹಾಕುವ ದಾರಿಗಳು ಬೇರೆ, ಅದು ತೊಟ್ಟಿಗೆ ಬರುವ ದಾರಿಗಳೂ ಫಿಲ್ಟರಿಗಷ್ಟೇ ಸೀಮಿತವಲ್ಲ. ಆದ್ದರಿಂದ ಹುಡುಕಾಟವನ್ನು ತೊಟ್ಟಿಯ ಹೊರಗಿನಿಂದ ಆರಂಭಿಸುವುದು ಒಳ್ಳೆಯದು.

ಮೊದಲು ಸಾವಿನ ಬಗೆಯನ್ನು ಗಮನಿಸಿ

ನೈಟ್ರೇಟ್ ನಿಧಾನವಾಗಿ ಕೊಲ್ಲುತ್ತದೆ. ಸೀಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ತಾಮ್ರವನ್ನು ಆಧರಿಸಿದ ಹಿಮೊಸಯಾನಿನ್. ಕಿವಿರುಗಳ ಮೂಲಕ ಒಳಸೇರುವ ನೈಟ್ರೇಟ್ ಆ ಸಾಗಾಟದ ಶಕ್ತಿಯನ್ನು ಕುಗ್ಗಿಸುತ್ತ ಹೋಗುತ್ತದೆ. ಹೀಗಾಗಿ ಮೊಟ್ಟೆ ಹೊತ್ತ ಹೆಣ್ಣುಗಳು ಮೊಟ್ಟೆಗಳನ್ನು ಉದುರಿಸಿಬಿಡುವುದು, ಹುಟ್ಟಿದ ಮರಿಗಳು ಒಂದೆರಡು ವಾರದಲ್ಲಿ ಕಾಣೆಯಾಗುವುದು, ದೊಡ್ಡವು ಮೇವಿಗೆ ಬರದೆ ಮೂಲೆಯಲ್ಲಿ ನಿಲ್ಲುವುದು, ಪೊರೆ ಬಿಟ್ಟ ದಿನವೇ ಸಾಯುವುದು ಇಂಥ ಲಕ್ಷಣಗಳು ವಾರಗಟ್ಟಲೆ ಹರಡಿಕೊಂಡಿದ್ದರೆ ನೈಟ್ರೇಟಿನ ಮೇಲೆ ಅನುಮಾನ ಪಡಬಹುದು.

ಅದೇ ಒಂದೇ ರಾತ್ರಿಯಲ್ಲಿ ಹತ್ತಾರು ಸತ್ತರೆ, ಅಥವಾ ನೀರು ಬದಲಿಸಿದ ಗಂಟೆಯೊಳಗೆ ಎಲ್ಲವೂ ದಿಕ್ಕೆಟ್ಟು ಈಜತೊಡಗಿದರೆ, ಅಲ್ಲಿ ನೈಟ್ರೇಟನ್ನು ಹುಡುಕುತ್ತ ಕುಳಿತುಕೊಳ್ಳಬಾರದು. ಅಮೋನಿಯಾ, ನೈಟ್ರೈಟ್, ಕ್ಲೋರಿನ್, ತಾಮ್ರ ಅಥವಾ ಕೀಟನಾಶಕ ಇವುಗಳಲ್ಲೊಂದು ಕಾರಣವಾಗಿರುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಶೂನ್ಯವೆಂದು ಖಚಿತಪಡಿಸಿಕೊಂಡ ನಂತರವೇ ಮುಂದಿನ ಹೆಜ್ಜೆಗೆ ಹೋಗಬೇಕು. ಇದಕ್ಕೆ ಇನ್ನೊಂದು ಕಾರಣವೂ ಇದೆ: ಮನೆಯಲ್ಲಿ ಬಳಸುವ ನೈಟ್ರೇಟ್ ಕಿಟ್ ನೈಟ್ರೇಟನ್ನು ನೈಟ್ರೈಟ್ ಆಗಿ ಇಳಿಸಿ, ಆ ನೈಟ್ರೈಟಿನ ಬಣ್ಣವನ್ನೇ ತೋರಿಸುತ್ತದೆ. ನೀರಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ನೈಟ್ರೇಟಿನ ಅಳತೆಯೂ ಸುಳ್ಳಾಗುತ್ತದೆ.

ಅಳತೆಯನ್ನು ನಂಬಬಹುದೇ?

ಹನಿ ಹಾಕಿ ಬಣ್ಣ ನೋಡುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಎರಡನೆಯ ಬಾಟಲಿಯ ತಳದಲ್ಲಿ ಸತುವಿನ ಪುಡಿ ಕೂತಿರುತ್ತದೆ. ನೈಟ್ರೇಟನ್ನು ಇಳಿಸುವುದು ಆ ಪುಡಿಯೇ ಆದ್ದರಿಂದ, ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕದೆ ಹನಿ ಹಾಕಿದರೆ ಲೀಟರಿಗೆ 80 ಮಿ.ಗ್ರಾಂ ಇರುವ ಕಡೆ 10 ಎಂದು ತೋರಿಸುತ್ತದೆ. ಹನಿ ಹಾಕಿದ ಮೇಲೆ ಕೊಳವೆಯನ್ನೂ ಪೂರ್ತಿ ಒಂದು ನಿಮಿಷ ಕುಲುಕಿ, ಕಿಟ್ಟಿನ ಕಾಗದದಲ್ಲಿ ಹೇಳಿದಷ್ಟು ಹೊತ್ತು ಕಾದು, ಹಗಲು ಬೆಳಕಿನಲ್ಲಿ ಬಿಳಿ ಹಾಳೆಯ ಮುಂದಿಟ್ಟು ಓದಬೇಕು. ರಾತ್ರಿ ಹಳದಿ ದೀಪದಡಿ ಓದಿದ ಅಂಕಿಯನ್ನು ನಾನು ಈಗ ಬರೆದಿಟ್ಟುಕೊಳ್ಳುವುದೇ ಇಲ್ಲ.

40ಕ್ಕಿಂತ ಮೇಲಿನ ಬಣ್ಣಗಳನ್ನು ಕಣ್ಣಳತೆಯಲ್ಲಿ ಬೇರ್ಪಡಿಸುವುದು ಕಷ್ಟ. ತೊಟ್ಟಿಯ ನೀರು ಒಂದು ಪಾಲು, ಡಿಸ್ಟಿಲ್ಡ್ ನೀರು ನಾಲ್ಕು ಪಾಲು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು 5ರಿಂದ ಗುಣಿಸಿದರೆ ಹೆಚ್ಚು ನಂಬಿಕೆಗೆ ಅರ್ಹವಾದ ಉತ್ತರ ಸಿಗುತ್ತದೆ. ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ನೀರು ಇದಕ್ಕೆ ಸಾಕು, ಆದರೆ ಮೊದಲು ಅದನ್ನೇ ಒಮ್ಮೆ ಪರೀಕ್ಷಿಸಿ ಶೂನ್ಯ ತೋರಿಸುತ್ತದೆಯೇ ಎಂದು ನೋಡಿಕೊಳ್ಳಿ.

ಕಿಟ್ ಸರಿಯಿದೆಯೇ ಎಂಬ ಅನುಮಾನವಿದ್ದರೆ, ನೈಟ್ರೇಟ್ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಪ್ರಮಾಣ ದ್ರಾವಣವನ್ನು ಮನೆಯಲ್ಲೇ ತಯಾರಿಸಬಹುದು. ರೈತರು ಹನಿ ನೀರಾವರಿಯಲ್ಲಿ ಬಿಡುವ 13-0-45 ಗೊಬ್ಬರ ಬೇರೇನಲ್ಲ, ಪೊಟ್ಯಾಸಿಯಂ ನೈಟ್ರೇಟ್. ಅದರ ತೂಕದ ಸುಮಾರು ಶೇ. 61ರಷ್ಟು ನೈಟ್ರೇಟ್ ಇರುತ್ತದೆ. 1.63 ಗ್ರಾಂ ಪುಡಿಯನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 1,000 ಮಿ.ಗ್ರಾಂ ನೈಟ್ರೇಟ್ ಆಗುತ್ತದೆ. ಅದರಿಂದ 20 ಮಿ.ಲೀ. ತೆಗೆದು ಮತ್ತೆ ಒಂದು ಲೀಟರಿಗೆ ತುಂಬಿಸಿದರೆ 20 ಮಿ.ಗ್ರಾಂ ದ್ರಾವಣ ಸಿದ್ಧ. ಇದನ್ನು ಪರೀಕ್ಷಿಸಿದಾಗ ನಿಮ್ಮ ಕಿಟ್ ಏನು ಹೇಳುತ್ತದೆ ಎಂಬುದು ಗೊತ್ತಾದರೆ ಮುಂದಿನ ಎಲ್ಲ ಅಳತೆಗಳಿಗೂ ಬುನಾದಿ ಸಿಕ್ಕಂತೆ. ನನ್ನ ಮೊದಲ ಕಿಟ್ ಈ ದ್ರಾವಣಕ್ಕೆ 5 ಎಂದಿತ್ತು. ಅದರ ಅವಧಿ ಮುಗಿದು ವರ್ಷವಾಗಿತ್ತು.

ಇಲ್ಲಿ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಕೆಲವು ಪ್ರಯೋಗಾಲಯಗಳೂ ಕೆಲವು ಕಿಟ್‌ಗಳೂ ನೈಟ್ರೇಟನ್ನು ಅದರೊಳಗಿನ ಸಾರಜನಕದ ಲೆಕ್ಕದಲ್ಲಿ ಕೊಡುತ್ತವೆ. ಆ ಅಂಕಿಯನ್ನು 4.43ರಿಂದ ಗುಣಿಸಿದರೆ ನೈಟ್ರೇಟಿನ ಲೆಕ್ಕ ಬರುತ್ತದೆ. ಸಾರಜನಕದ ಲೆಕ್ಕದ 10 ಎಂದರೆ ನೈಟ್ರೇಟಿನ ಲೆಕ್ಕದಲ್ಲಿ ಸುಮಾರು 44. ಸಿಹಿನೀರಿನ ಅತಿ ಸೂಕ್ಷ್ಮ ಪ್ರಾಣಿಗಳ ರಕ್ಷಣೆಗೆ ಸಾರಜನಕದ ಲೆಕ್ಕದಲ್ಲಿ 2 ಮಿ.ಗ್ರಾಂ ಮಿತಿಯಾಗಿರಬೇಕೆಂದು 2005ರಲ್ಲಿ ಪ್ರಕಟವಾದ ಸ್ಪೇನಿನ ಸಂಶೋಧಕರ ವಿಮರ್ಶೆಯೊಂದು ಸೂಚಿಸಿತು, ಅಂದರೆ ನೈಟ್ರೇಟಾಗಿ ಸುಮಾರು 9. ಚೆರ್ರಿ ಸೀಗಡಿಗಳು ಅಷ್ಟೊಂದು ನಾಜೂಕಲ್ಲ. 20ರ ಒಳಗಿದ್ದರೆ ಅವು ಮರಿ ಹಾಕಿಕೊಂಡು ನೆಮ್ಮದಿಯಾಗಿರುವುದನ್ನು ನಾನು ಕಂಡಿದ್ದೇನೆ. ಈ ಬರಹದಲ್ಲಿ ಮುಂದೆ ಬರುವ ಅಂಕಿಗಳೆಲ್ಲ ಲೀಟರಿಗೆ ಇಷ್ಟು ಮಿ.ಗ್ರಾಂ ನೈಟ್ರೇಟ್ ಎಂಬ ಲೆಕ್ಕದಲ್ಲಿವೆ.

ತೊಟ್ಟಿಗೆ ಮುನ್ನ ನಲ್ಲಿಯ ನೀರು

ಅಳತೆ ಸರಿಯಿದೆಯೆಂದಾದ ಮೇಲೆ ಮೊದಲು ಪರೀಕ್ಷಿಸಬೇಕಾದದ್ದು ತೊಟ್ಟಿಗೆ ಹಾಕುವ ನೀರನ್ನು. ನನ್ನ ತೊಟ್ಟಿಯಲ್ಲಿ 80 ಇತ್ತು, ನಲ್ಲಿಯಲ್ಲಿ 60. ನಾಲ್ಕು ತಿಂಗಳ ಒಗಟು ಐದು ನಿಮಿಷದಲ್ಲಿ ಬಿಡಿಸಿಕೊಂಡಿತು, ಆ ಐದು ನಿಮಿಷವನ್ನು ಮೊದಲ ದಿನವೇ ಕೊಟ್ಟಿದ್ದರೆ ಅಷ್ಟು ಜೀವಗಳು ಉಳಿಯುತ್ತಿದ್ದವು ಎಂಬ ನೋವು ಇನ್ನೂ ಇದೆ.

ಕೊಳವೆಬಾವಿಯ ನೀರಿನಲ್ಲಿ ಇಷ್ಟು ನೈಟ್ರೇಟ್ ಇರುವುದು ಅಪರೂಪವಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ನಿಗದಿಪಡಿಸಿರುವ ಮಿತಿ 45. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಮಿತಿಯನ್ನು ಮೀರಿದ್ದವು. ಹೊಲಕ್ಕೆ ಹಾಕಿದ ಯೂರಿಯಾ, ತಿಪ್ಪೆಗುಂಡಿಗಳು, ಶೌಚದ ಪಿಟ್‌ಗಳು, ತಳಪಾಯವಿಲ್ಲದ ಚರಂಡಿಗಳು ಇವೆಲ್ಲವುಗಳ ಸಾರಜನಕ ಕೊನೆಗೆ ನೈಟ್ರೇಟಾಗಿ ಮಣ್ಣಿನಲ್ಲಿ ಇಳಿಯುತ್ತದೆ. ನೈಟ್ರೇಟನ್ನು ಮಣ್ಣಿನ ಕಣಗಳು ಹಿಡಿದಿಟ್ಟುಕೊಳ್ಳುವುದಿಲ್ಲವಾದ್ದರಿಂದ ಮಳೆನೀರು ಅದನ್ನು ಸುಲಭವಾಗಿ ಕೆಳಕ್ಕೆ ಒಯ್ಯುತ್ತದೆ. ಇಂಥ ನೀರು ನೋಡಲು ತಿಳಿ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ.

ಕಾವೇರಿ ನೀರು ಬರುವ ಮನೆಗಳಲ್ಲಿ ಈ ಚಿಂತೆ ಕಡಿಮೆ. ಆದರೆ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಕಾವೇರಿ, ಕೊಳವೆಬಾವಿ, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತವೆ, ಆಯಾ ವಾರ ಯಾವುದು ಎಷ್ಟು ಬೆರೆಯಿತು ಎಂಬುದರ ಮೇಲೆ ನಲ್ಲಿಯ ನೀರಿನ ಗುಣ ಬದಲಾಗುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರು ಪೂರೈಕೆ ಯೋಜನೆಯ ಐದನೆಯ ಹಂತ ಆರಂಭವಾದ ಬಳಿಕ ನಗರದ ಅಂಚಿನ ಹಳ್ಳಿಗಳ ಹಲವು ಬಡಾವಣೆಗಳಲ್ಲಿ ಇಂಥ ಬೆರಕೆ ಹೊಸದಾಗಿ ಶುರುವಾಗಿದೆ. ಆದ್ದರಿಂದ ಒಂದು ದಿನದ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬೇಡಿ. ಒಂದು ತಿಂಗಳು ಪ್ರತಿ ಸಲ ನೀರು ಬದಲಿಸುವ ಮುನ್ನ ಬಕೆಟ್ಟಿನ ನೀರನ್ನು ಪರೀಕ್ಷಿಸಿ ತಾರೀಖಿನೊಂದಿಗೆ ಬರೆದಿಡಿ.

ನೀರು ಬದಲಿಸುವುದರಿಂದ ಏನಾಗಬಹುದು, ಏನಾಗಲಾರದು ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸಿಕೊಡುತ್ತದೆ. ವಾರವೊಂದರಲ್ಲಿ ತೊಟ್ಟಿಯೊಳಗೆ ಹುಟ್ಟುವ ನೈಟ್ರೇಟನ್ನು, ವಾರಕ್ಕೆ ಬದಲಿಸುವ ನೀರಿನ ಪಾಲಿನಿಂದ ಭಾಗಿಸಿ, ಬಂದದ್ದಕ್ಕೆ ಹೊಸ ನೀರಿನ ನೈಟ್ರೇಟನ್ನು ಕೂಡಿಸಿದರೆ, ತೊಟ್ಟಿ ಕೊನೆಗೆ ನೆಲೆ ನಿಲ್ಲುವ ಅತಿ ಹೆಚ್ಚಿನ ಮಟ್ಟ ಸಿಗುತ್ತದೆ. ನನ್ನಲ್ಲಿ ವಾರಕ್ಕೆ 5 ಹುಟ್ಟುತ್ತಿತ್ತು, ಕಾಲು ಪಾಲು ನೀರು ಬದಲಿಸುತ್ತಿದ್ದೆ, ಹೊಸ ನೀರಿನಲ್ಲಿ 60 ಇತ್ತು. 5ನ್ನು 0.25ರಿಂದ ಭಾಗಿಸಿದರೆ 20, ಅದಕ್ಕೆ 60 ಕೂಡಿಸಿದರೆ 80, ಕಿಟ್ ತೋರಿಸುತ್ತಿದ್ದುದೂ ಅಷ್ಟೇ. ಅರ್ಧ ನೀರು ಬದಲಿಸಿದ್ದರೂ 70ಕ್ಕಿಂತ ಕೆಳಗೆ ಬರುತ್ತಿರಲಿಲ್ಲ. ಅದೇ ಹೊಸ ನೀರಿನಲ್ಲಿ 5 ಮಾತ್ರ ಇದ್ದಿದ್ದರೆ, ಕಾಲು ಪಾಲು ಬದಲಾವಣೆಯಲ್ಲೇ 25ಕ್ಕೆ ನಿಲ್ಲುತ್ತಿತ್ತು.

ಆವಿಯಾದಷ್ಟು ನೀರನ್ನು ಮೇಲಿಂದ ಸುರಿಯುವಾಗಲೂ ಇದೇ ತೊಂದರೆ ಇದೆ. ಆವಿಯಾಗುವುದು ನೀರು ಮಾತ್ರ, ಲವಣಗಳೂ ನೈಟ್ರೇಟೂ ಉಳಿಯುತ್ತವೆ. ಬೇಸಿಗೆಯಲ್ಲಿ ಕೊಳವೆಬಾವಿಯ ನೀರನ್ನೇ ಮೇಲಿಂದ ತುಂಬಿಸುತ್ತ ಹೋದರೆ ಮಟ್ಟ ಏರುತ್ತಲೇ ಇರುತ್ತದೆ. ಕಾಯಿಸಿ ಆರಿಸುವುದರಿಂದಲೂ ನೈಟ್ರೇಟ್ ಹೋಗುವುದಿಲ್ಲ, ಸ್ವಲ್ಪ ಹೆಚ್ಚೇ ಆಗುತ್ತದೆ. ಇದ್ದಿಲಿನ ಫಿಲ್ಟರ್ ನೈಟ್ರೇಟನ್ನು ಹಿಡಿಯುವುದಿಲ್ಲ. ಜಿಯೋಲೈಟ್ ಹಿಡಿಯುವುದು ಅಮೋನಿಯಂ ಅನ್ನು. ಕಟ್ಟಡಗಳಲ್ಲಿ ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಯಂತ್ರ ನೈಟ್ರೇಟನ್ನು ಮುಟ್ಟುವುದಿಲ್ಲ, ಬದಲಿಗೆ ಸೀಗಡಿಯ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಕಿತ್ತುಕೊಂಡು ಸೋಡಿಯಂ ಕೊಡುತ್ತದೆ. ಸೀಗಡಿ ಸಾಕುವವರು ಸಾಫ್ಟ್‌ನರ್ ದಾಟಿ ಬಂದ ನೀರನ್ನು ಬಳಸದಿರುವುದೇ ಮೇಲು.

ಅಡುಗೆಮನೆಯ ಆರ್‌ಓ ನೀರನ್ನೂ ಪರೀಕ್ಷಿಸಿ

ನಲ್ಲಿಯ ನೀರಿನ ದೋಷ ಗೊತ್ತಾದ ಮೇಲೆ ಸಹಜವಾಗಿ ಕಣ್ಣು ಹೋಗುವುದು ಅಡುಗೆಮನೆಯ ಆರ್‌ಓ ಯಂತ್ರದ ಕಡೆಗೆ. ನಾನು ಅದರ ನೀರಿನಲ್ಲಿ ನೈಟ್ರೇಟ್ ಬಹುತೇಕ ಇರಲಾರದೆಂದು ನಂಬಿದ್ದೆ; ಪರೀಕ್ಷೆ 10 ಮತ್ತು 20ರ ನಡುವಿನ ಬಣ್ಣವನ್ನು ತೋರಿಸಿತು.

ಕಾರಣ ಒಂದು ಸಣ್ಣ ಸ್ಕ್ರೂ. ಮನೆಬಳಕೆಯ ಅನೇಕ ಯಂತ್ರಗಳಲ್ಲಿ, ಕುಡಿಯುವ ನೀರು ತೀರಾ ಸಪ್ಪೆಯಾಗದಿರಲೆಂದು, ಆರ್‌ಓ ಪೊರೆಯನ್ನು ದಾಟದ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಾಂಶದ ಒಟ್ಟು ಪ್ರಮಾಣ) ನಿಯಂತ್ರಕವಿರುತ್ತದೆ. ನಮ್ಮ ನಲ್ಲಿಯ ನೀರಿನ ಟಿಡಿಎಸ್ 780, ಯಂತ್ರದಿಂದ ಬರುತ್ತಿದ್ದ ನೀರಿನದು 190. ಸ್ಕ್ರೂವನ್ನು ಪೂರ್ತಿ ಮುಚ್ಚಿದ ಮೇಲೆ ಅದು 40ಕ್ಕಿಳಿಯಿತು, ನೈಟ್ರೇಟ್ 5ರ ಆಸುಪಾಸಿಗೆ ಬಂತು. ಎಂದರೆ ಅಷ್ಟು ದಿನ ಬರುತ್ತಿದ್ದ ನೀರಿನಲ್ಲಿ ಐದನೆಯ ಒಂದು ಭಾಗ ಶುದ್ಧೀಕರಿಸದ ಕೊಳವೆಬಾವಿಯ ನೀರೇ ಆಗಿತ್ತು.

ಟಿಡಿಎಸ್ ಮೀಟರನ್ನೊಂದೇ ನಂಬುವುದೂ ತಪ್ಪು. ಆ ಮೀಟರಿಗೆ ಸುಣ್ಣದ ಅಂಶ ಯಾವುದು, ನೈಟ್ರೇಟ್ ಯಾವುದು ಎಂಬ ಭೇದ ತಿಳಿಯದು. ಆರ್‌ಓ ಪೊರೆ ಕ್ಯಾಲ್ಸಿಯಂ, ಸಲ್ಫೇಟ್‌ಗಳನ್ನು ತಡೆಯುವಷ್ಟು ಚೆನ್ನಾಗಿ ನೈಟ್ರೇಟನ್ನು ತಡೆಯುವುದಿಲ್ಲ, ಪೊರೆ ಹಳೆಯದಾದಂತೆ ಈ ಅಂತರ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮೀಟರ್ ಎಷ್ಟೇ ಚೆನ್ನಾಗಿ ತೋರಿಸಲಿ, ಎರಡು ಮೂರು ತಿಂಗಳಿಗೊಮ್ಮೆ ಆರ್‌ಓ ನೀರಿನ ನೈಟ್ರೇಟನ್ನು ನೇರವಾಗಿ ಪರೀಕ್ಷಿಸಬೇಕು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಈಚಿನ ಕೆಲವು ಯಂತ್ರಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ತಾಮ್ರವನ್ನು ನೀರಿಗೆ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ಮನುಷ್ಯರಿಗೆ ಏನೂ ಆಗದ ಪ್ರಮಾಣದ ತಾಮ್ರ ಸೀಗಡಿಗಳನ್ನು ಕೊಲ್ಲಬಲ್ಲದು. ಅಂಥ ಯಂತ್ರವಿದ್ದರೆ ಆ ಕಾರ್ಟ್ರಿಜ್ಜಿಗಿಂತ ಮುಂಚೆಯೇ ಕವಲೊಡೆಸಿ ನೀರು ಹಿಡಿಯಬೇಕು, ಇಲ್ಲವೇ ಬೇರೆ ನೀರನ್ನು ಹುಡುಕಿಕೊಳ್ಳಬೇಕು.

ತೊಟ್ಟಿಯೊಳಗಿನ ಮೂಲಗಳು

ಹೊಸ ನೀರು ಶುದ್ಧವಾಗಿದ್ದೂ ತೊಟ್ಟಿಯ ಅಂಕಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಮಾತ್ರ ಒಳಗಿನ ಮೂಲವನ್ನು ಹುಡುಕಬೇಕು, ಆಗ ಮೊದಲ ಅನುಮಾನ ಮೇವಿನ ಮೇಲಿರಲಿ. ಶೇ. 40 ಪ್ರೋಟೀನ್ ಇರುವ ಒಂದು ಗ್ರಾಂ ಮೇವಿನಲ್ಲಿ ಸುಮಾರು 64 ಮಿ.ಗ್ರಾಂ ಸಾರಜನಕವಿರುತ್ತದೆ. ಅದಷ್ಟೂ ನೈಟ್ರೇಟಾದರೆ 280 ಮಿ.ಗ್ರಾಂ ದಾಟುತ್ತದೆ, 50 ಲೀಟರಿನ ತೊಟ್ಟಿಯಲ್ಲಿ ಅದು 5ಕ್ಕಿಂತ ಹೆಚ್ಚಿನ ಏರಿಕೆ. ಒಂದಿಷ್ಟು ಸಾರಜನಕ ಪ್ರಾಣಿಗಳ ಮೈ ಸೇರುವುದರಿಂದ ಪೂರ್ತಿ ಹಾಗಾಗುವುದಿಲ್ಲವಾದರೂ, ಚಿಟಿಕೆ ಮೇವು ಎಷ್ಟು ಭಾರವಾದದ್ದು ಎಂಬುದು ಇದರಿಂದ ತಿಳಿಯುತ್ತದೆ. ಎರಡು ಗಂಟೆಯಲ್ಲಿ ತಿಂದು ಮುಗಿಯದ ಮೇವನ್ನು ತೆಗೆದುಬಿಡಿ.

ಎರಡನೆಯದು ಫಿಲ್ಟರಿನೊಳಗೆ ಕೂತಿರುವ ಕೊಳೆ. ಕಣ್ಣಿಗೆ ಕಾಣದಂತೆ ಡಬ್ಬಿಯೊಳಗೆ ಸೇರಿಕೊಂಡ ಕಸ ತೊಟ್ಟಿಯಿಂದ ಹೊರಗೆ ಹೋದಂತಲ್ಲ; ನೀರು ಅದರ ಮೂಲಕವೇ ಹಾದು ಬರುತ್ತಿರುತ್ತದೆ. ಸ್ಪಂಜನ್ನು ಎರಡು ಮೂರು ವಾರಕ್ಕೊಮ್ಮೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಬೇಕು. ಕ್ಲೋರಿನ್ ಇರುವ ನಲ್ಲಿ ನೀರಿನಡಿ ಹಿಡಿದು ತೊಳೆದರೆ ಬ್ಯಾಕ್ಟೀರಿಯಾ ಸತ್ತು ಮರುದಿನ ಅಮೋನಿಯಾ ಏರುತ್ತದೆ, ಅದು ನೈಟ್ರೇಟಿಗಿಂತ ಬಹಳ ದೊಡ್ಡ ಅಪಾಯ. ಎರಡು ಸ್ಪಂಜುಗಳಿದ್ದರೆ ಒಂದೇ ದಿನ ಎರಡನ್ನೂ ತೊಳೆಯಬೇಡಿ.

ಬ್ಯಾಕ್ಟೀರಿಯಾಗಳ ಈ ಕೆಲಸ ನೀರಿನ ಕ್ಷಾರೀಯತೆಯನ್ನು, ಅಂದರೆ ಕೆಎಚ್ ಅನ್ನು ನಿರಂತರವಾಗಿ ತಿನ್ನುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಆದರೆ ಆರ್‌ಓ ನೀರಿಗೆ ಬದಲಾದ ತೊಟ್ಟಿಯಲ್ಲಿ ಕೆಎಚ್ ಮುಗಿದು ಪಿಎಚ್ ಕುಸಿದರೆ ಫಿಲ್ಟರ್ ನಿಧಾನವಾಗಿ ಅಮೋನಿಯಾ ಉಳಿಯತೊಡಗುತ್ತದೆ. ಒಂದು ದೋಷ ತಿದ್ದಲು ಹೋಗಿ ಇನ್ನೊಂದನ್ನು ತಂದುಕೊಳ್ಳುವುದು ಇಲ್ಲೇ.

ಇಳಿಸುವ ಕ್ರಮ

ಮೂಲ ಸಿಕ್ಕ ಸಂಭ್ರಮದಲ್ಲಿ ಒಂದೇ ದಿನ ಮುಕ್ಕಾಲು ನೀರು ಬದಲಿಸುವುದು ಸೀಗಡಿಗಳಿಗೆ ನೈಟ್ರೇಟಿಗಿಂತ ಕ್ರೂರವಾದೀತು. ಟಿಡಿಎಸ್ ಹಠಾತ್ತನೆ ಇಳಿದರೆ ಅವು ಅಕಾಲದಲ್ಲಿ ಪೊರೆ ಬಿಡುತ್ತವೆ, ಚಿಪ್ಪು ಕತ್ತಿನ ಬಳಿ ಬಿಳಿ ಉಂಗುರದಂತೆ ಸೀಳಿ, ಹೊರಬರಲಾಗದೆ ಸಾಯುತ್ತವೆ. ಎರಡು ದಿನಕ್ಕೊಮ್ಮೆ ಹತ್ತನೆಯ ಒಂದು ಭಾಗ ಮಾತ್ರ ಬದಲಿಸಿ, ಅದನ್ನೂ ಹನಿಹನಿಯಾಗಿ ಬಿಡಿ. ಔಷಧದಂಗಡಿಯಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್ಪಿನ ನಳಿಕೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಚಕ್ರ ತಿರುಗಿಸಿ ಸೆಕೆಂಡಿಗೆ ಎರಡು ಹನಿಗೆ ನಿಲ್ಲಿಸಬಹುದು.

ಬರಿಯ ಆರ್‌ಓ ನೀರನ್ನು ಹಾಗೆಯೇ ಸುರಿಯುವಂತಿಲ್ಲ. ಮೂರು ಪಾಲು ಆರ್‌ಓ ನೀರಿಗೆ ಒಂದು ಪಾಲು ನಲ್ಲಿ ನೀರು ಬೆರೆಸುವ ಸುಲಭದ ದಾರಿಯನ್ನು ಹಲವರು ಹಿಡಿಯುತ್ತಾರೆ. ನಮ್ಮ ನೀರಿನಲ್ಲಿ ಹಾಗೆ ಮಾಡಿದ್ದರೆ ಹೊಸ ನೀರೇ 20ರ ಹತ್ತಿರ ನಿಲ್ಲುತ್ತಿತ್ತು, ಆದ್ದರಿಂದ ಲವಣಗಳನ್ನೇ ಸೇರಿಸಿದೆ. 20 ಲೀಟರ್ ಆರ್‌ಓ ನೀರಿಗೆ ಶುದ್ಧ ಜಿಪ್ಸಂ 2.8 ಗ್ರಾಂ, ಎಪ್ಸಂ ಉಪ್ಪು 1.3 ಗ್ರಾಂ ಹಾಕಿದರೆ ಗಡಸುತನದ ಜಿಎಚ್ ಸುಮಾರು 6ರಷ್ಟಾಗುತ್ತದೆ. ಅಡುಗೆ ಸೋಡಾ 1.2 ಗ್ರಾಂ ಸೇರಿಸಿದರೆ ಕೆಎಚ್ 2ರಷ್ಟು ಏರುತ್ತದೆ. ಜಿಪ್ಸಂ ನಿಧಾನವಾಗಿ ಕರಗುವುದರಿಂದ ಹಿಂದಿನ ರಾತ್ರಿಯೇ ಬೆರೆಸಿ, ಗಾಳಿ ಪಂಪಿನ ಕಲ್ಲನ್ನು ಅದರೊಳಗೆ ಇಳಿಬಿಟ್ಟು ಬೆಳಗಿನವರೆಗೆ ಇಡಬೇಕು. ಗ್ರಾಂ ದಶಮಾಂಶವನ್ನು ತೂಗುವ ಸಣ್ಣ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಇದರ ಜೊತೆಗೆ ಗಿಡಗಳು. ಮನಿಪ್ಲಾಂಟಿನ ಬಳ್ಳಿಯ ಬೇರುಗಳನ್ನು ನೀರಿನಲ್ಲಿ ಇಳಿಬಿಟ್ಟು ಎಲೆಗಳನ್ನು ಹೊರಗಿಟ್ಟರೆ ಅದು ಹುರುಪಿನಿಂದ ಬೆಳೆಯುತ್ತದೆ. ಅಂತರಗಂಗೆಯೂ ಸೊಗಸಾಗಿ ಕೆಲಸ ಮಾಡುತ್ತದೆ, ಆದರೆ ಕೆರೆಯಿಂದ ನೇರವಾಗಿ ತರಬೇಡಿ. ಗಿಡಗಳು ಅಮೋನಿಯಂ ಅನ್ನೇ ಮೊದಲು ಹೀರುವುದರಿಂದ ನೈಟ್ರೇಟ್ ಹುಟ್ಟುವುದೇ ಕಡಿಮೆಯಾಗುತ್ತದೆ. ಬೆಳೆದದ್ದನ್ನು ಕಿತ್ತು ಹೊರಗೆ ಹಾಕಿದಾಗಲಷ್ಟೇ ಸಾರಜನಕ ತೊಟ್ಟಿಯಿಂದ ಹೋದಂತಾಯಿತು. ಕೊಳೆತ ಎಲೆ ತೊಟ್ಟಿಯಲ್ಲೇ ಉಳಿದರೆ ಹೀರಿದ್ದೆಲ್ಲ ಮರಳಿ ಬರುತ್ತದೆ. ಆಮ್ಲಜನಕವಿಲ್ಲದ ಮರಳಿನ ಪದರದಲ್ಲಿ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ಏರ್ಪಾಡುಗಳೂ ಇವೆ, ಸಣ್ಣ ಸೀಗಡಿ ತೊಟ್ಟಿಗೆ ನಾನು ಅವನ್ನು ಹೇಳುವುದಿಲ್ಲ. ಹಿಡಿತ ತಪ್ಪಿದರೆ ತೊಟ್ಟಿಯ ಆಮ್ಲಜನಕವೇ ಕುಸಿಯುತ್ತದೆ.

ನನ್ನ ತೊಟ್ಟಿ 80ರಿಂದ 20ಕ್ಕೆ ಇಳಿಯಲು ಏಳು ವಾರ ಬೇಕಾಯಿತು. ಐದನೆಯ ವಾರದಲ್ಲಿ ಸಾವು ನಿಂತಿತು. ಹೊಸ ಮರಿಗಳು ಜಾವಾ ಪಾಚಿಯ ಮೇಲೆ ಕಾಣಿಸಿಕೊಂಡದ್ದು ಮೂರನೆಯ ತಿಂಗಳಲ್ಲಿ.

ಅಂಕಿಗಳು ಸರಿಯಿದ್ದೂ ಸಾವು ನಿಲ್ಲದಿದ್ದರೆ

ಆಗ ನೈಟ್ರೇಟನ್ನು ಬದಿಗಿಟ್ಟು ವಿಷಗಳನ್ನು ಹುಡುಕಬೇಕು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕುವ ಕೆಲವು ಔಷಧಗಳಲ್ಲಿ ತಾಮ್ರವಿರುತ್ತದೆ, ಹಿಂದೆ ಅಂಥ ಔಷಧ ಹಾಕಿದ್ದ ತೊಟ್ಟಿಯ ಜಲ್ಲಿಯಲ್ಲಿ ಅದು ಉಳಿದಿರಬಹುದು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಡಿಕೆಯ ಕೊಳೆರೋಗ ತಡೆಯಲು ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ತೋಟದ ಪಕ್ಕದ ತೆರೆದ ಬಾವಿಯ ನೀರು ಬಳಸುವವರು ಆ ತಿಂಗಳುಗಳಲ್ಲಿ ತಾಮ್ರದ ಕಿಟ್ ಇಟ್ಟುಕೊಳ್ಳುವುದು ಕ್ಷೇಮ. ಹೊಸದಾಗಿ ಕೊಂಡ ಗಿಡಗಳಿಗೆ ನರ್ಸರಿಯಲ್ಲಿ ಕೀಟನಾಶಕ ಸಿಂಪಡಿಸಿರಬಹುದಾದ್ದರಿಂದ ಅವನ್ನು ಬೇರೆ ಬಕೆಟ್ಟಿನಲ್ಲಿ ಎರಡು ವಾರ, ನೀರು ಬದಲಿಸುತ್ತ ಇಡಬೇಕು.

ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಸೊಳ್ಳೆ ಓಡಿಸುವ ಬತ್ತಿ ಮತ್ತು ದ್ರವ. ಅವುಗಳಲ್ಲಿರುವ ಪೈರೆಥ್ರಾಯ್ಡ್‌ಗಳು ಸೀಗಡಿಗಳಿಗೆ ಘೋರ ವಿಷ, ಅದೇ ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಊದುವ ಪಂಪ್ ಅದನ್ನು ರಾತ್ರಿಯಿಡೀ ತೊಟ್ಟಿಗೆ ಸೇರಿಸುತ್ತಿರುತ್ತದೆ. ನಾವು ತೊಟ್ಟಿಯಿರುವ ಕೋಣೆಯಲ್ಲಿ ಅವನ್ನು ಪೂರ್ತಿ ನಿಲ್ಲಿಸಿ, ಕಿಟಕಿಗೆ ಜಾಲರಿ ಹಾಕಿಸಿದ್ದೇವೆ.